ಕೆಲಸ ಬಿಟ್ಟವರ ಸಂಬಳ ಎರಡೇ ದಿನದಲ್ಲಿ ಚುಕ್ತಾ ಆಗಬೇಕು: ರಾಜಾಜಿನಗರದ ಸಣ್ಣ ಅಂಗಡಿಗಳಿಗೂ ಇದೇ ರೂಲ್ಸು

ರಾಜಾಜಿನಗರ: ‘ಮುಂದಿನ ತಿಂಗಳು ಹತ್ತನೇ ತಾರೀಕು ಬಾ, ಲೆಕ್ಕ ನೋಡೋಣ’. ಕೆಲಸ ಬಿಟ್ಟ ಹುಡುಗರಿಗೆ ಎಷ್ಟೋ ಅಂಗಡಿಗಳಲ್ಲಿ ಸಿಗುವ ಉತ್ತರ ಇದು. ಈಗ ಹಾಗೆ ಹೇಳುವಂತಿಲ್ಲ.

ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಸುದ್ದಿಯೆಲ್ಲ ದೊಡ್ಡ ಕಂಪನಿ, ಐಟಿ ಕಡೆಯದ್ದೇ ಆಯ್ತು. ಆದರೆ ಇದರಲ್ಲಿರುವ ವೇತನ ಸಂಹಿತೆ ಭಾಷ್ಯಂ ಸರ್ಕಲ್‌ನ ಪ್ರಾವಿಷನ್ ಸ್ಟೋರಿಗೂ, ಡಾ. ರಾಜ್‌ಕುಮಾರ್ ರಸ್ತೆಯ ಬಟ್ಟೆ ಅಂಗಡಿಗೂ, ಇಂಡಸ್ಟ್ರಿಯಲ್ ಟೌನಿನ ಲೇತ್ ವರ್ಕ್‌ಶಾಪಿಗೂ ಅನ್ವಯ. ಕೆಲಸಕ್ಕೆ ಒಬ್ಬನೇ ಇದ್ದರೂ ಸರಿ.

ಸಂಹಿತೆಯ 17ನೇ ಸೆಕ್ಷನ್ ಪ್ರಕಾರ ಕೆಲಸದಿಂದ ತೆಗೆದರೂ, ಅವರೇ ರಾಜೀನಾಮೆ ಕೊಟ್ಟರೂ, ಅಂಗಡಿ ಮುಚ್ಚಿದರೂ ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೊಡಬೇಕು. ಹಳೆಯ 1936ರ ಕಾಯ್ದೆಯಲ್ಲಿ ಈ ಎರಡು ದಿನದ ಲೆಕ್ಕ ಮಾಲೀಕರು ತೆಗೆದುಹಾಕಿದವರಿಗಷ್ಟೇ ಇತ್ತು. ತಾವಾಗೇ ಬಿಟ್ಟವರೂ ಈಗ ಸೇರಿದ್ದಾರೆ. ಕೆಲಸದಲ್ಲಿ ಇರುವವರಿಗೆ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು.

ಮಾಲೀಕರ ಪ್ರಶ್ನೆಯೂ ನ್ಯಾಯವಾದದ್ದೇ: ‘ಅಡ್ವಾನ್ಸ್ ತಗೊಂಡು ಹೇಳದೆ ಕೇಳದೆ ಹೋದ್ರೆ ನಾವೇನು ಮಾಡ್ಬೇಕು?’ ಅಡ್ವಾನ್ಸ್ ಹಿಡಿದುಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ, ಆದರೆ ಮಿತಿಯೂ ಇದೆ. ಎಲ್ಲ ಕಡಿತ ಸೇರಿ ಆ ಅವಧಿಯ ಸಂಬಳದ ಅರ್ಧ ದಾಟಬಾರದು. ಸಂಬಳ ₹18,000, ಅಡ್ವಾನ್ಸ್ ಬಾಕಿ ₹15,000 ಅಂತ ಇಟ್ಟುಕೊಳ್ಳಿ. ಪೂರ್ತಿ ತಿಂಗಳು ದುಡಿದು ಬಿಟ್ಟವನ ಸಂಬಳದಲ್ಲಿ ಹಿಡಿಯಬಹುದಾದ್ದು ಹೆಚ್ಚೆಂದರೆ ₹9,000. ಉಳಿದ ₹6,000 ಬೇರೆ ಸಾಲದಂತೆ ವಸೂಲಿ ಮಾಡಿಕೊಳ್ಳಬೇಕೇ ಹೊರತು, ಪೂರ್ತಿ ಸಂಬಳ ತಡೆಯುವಂತಿಲ್ಲ. ಬಾರದ ದಿನಗಳ ಸಂಬಳ ಕತ್ತರಿಸಬಹುದು, ಬಂದ ದಿನಗಳದ್ದು ಕೊಡಲೇಬೇಕು. ‘ಸಾಮಾನು ಒಡೆದ, ಕ್ಯಾಶ್ ಕಮ್ಮಿ ಬಂತು’ ಅಂತ ಹಿಡಿಯಬೇಕಾದರೆ ಮೊದಲು ಆ ಕೆಲಸಗಾರನ ಮಾತು ಕೇಳಬೇಕು.

ಅಂಗಡಿಯವರು ಗಮನಿಸಲೇಬೇಕಾದ್ದು 59ನೇ ಸೆಕ್ಷನ್. ಸಂಬಳ ಬಂದಿಲ್ಲ ಅಂತ ಕೆಲಸಗಾರ ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಅಂತ ತೋರಿಸುವ ಹೊಣೆ ಮಾಲೀಕರದ್ದು. ಕೈಯಲ್ಲಿ ನೋಟು ಕೊಟ್ಟು, ಸಹಿ ಇಲ್ಲ, ಚೀಟಿ ಇಲ್ಲ ಅಂದ್ರೆ ನಿಜವಾಗಿ ಕೊಟ್ಟವರೂ ಸಿಕ್ಕಿಹಾಕಿಕೊಳ್ತಾರೆ. ಅರ್ಜಿ ಹಾಕಲು ಮೂರು ವರ್ಷ ಟೈಮ್ ಇದೆ. ಅಧಿಕಾರಿ ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಬಹುದು. ಕೊಡಬೇಕಾದ್ದಕ್ಕಿಂತ ಕಮ್ಮಿ ಕೊಟ್ಟಿದ್ದಕ್ಕೆ ₹50,000 ತನಕ ದಂಡ ಬೇರೆ. ಫೋನ್‌ಪೇ, ಬ್ಯಾಂಕ್ ಖಾತೆ ಮೂಲಕ ಹಾಕಿದರೆ ದಾಖಲೆ ತಾನಾಗೇ ಉಳಿಯುತ್ತೆ.

ಹಾಗಂತ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961 ಹೋಗಿಲ್ಲ. ಕೆಲಸಕ್ಕೆ ಸೇರಿದ 30 ದಿನದಲ್ಲಿ ‘ಕ್ಯೂ’ ಫಾರಂನಲ್ಲಿ ನೇಮಕಾತಿ ಆದೇಶ ಕೊಡಬೇಕು ಅನ್ನೋದು ಆ ಕಾಯ್ದೆಯಲ್ಲೇ ಇದೆ. ಕೊಡುವವರು ಅಪರೂಪ. ಸಂಬಳ ಎಷ್ಟು, ಯಾವತ್ತು ಸೇರಿದ್ದು ಎಂಬ ಜಗಳದ ಬುಡ ಇರೋದು ಅಲ್ಲೇ. ಆರು ತಿಂಗಳು ಸತತವಾಗಿ ದುಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಇಲ್ಲದೆ ತೆಗೆಯುವಂತಿಲ್ಲ ಎಂದೂ ಇದೇ ಕಾಯ್ದೆ ಹೇಳುತ್ತೆ. ವಿಚಾರಣೆಯಲ್ಲಿ ತಪ್ಪು ಸಾಬೀತಾದರೆ ಮಾತ್ರ ನೋಟಿಸ್ ಬೇಕಿಲ್ಲ.

ಎರಡು ದಿನದ ಗಡುವು ಸಂಬಳಕ್ಕೆ ಮಾತ್ರ. ಗ್ರಾಚ್ಯುಟಿಗೆ 30 ದಿನ ಇದೆ, ಅದೂ 10 ಜನ ಅಥವಾ ಹೆಚ್ಚು ಕೆಲಸಗಾರರಿರುವ ಕಡೆ. ಪಿಎಫ್ ಲೆಕ್ಕವೇ ಬೇರೆ.

ಮಾತುಕತೆಯಲ್ಲಿ ಮುಗಿಯದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು. ಇಲಾಖೆಯ ಕಾರ್ಮಿಕ ಭವನ ಬನ್ನೇರುಘಟ್ಟ ರಸ್ತೆಯಲ್ಲಿದೆ, ಸಹಾಯವಾಣಿ 155214. ಹೋಗುವಾಗ ಹಾಜರಿ ಪುಸ್ತಕದ ಫೋಟೋ, ವಾಟ್ಸ್ಆ್ಯಪ್ ಮೆಸೇಜು, ಖಾತೆಗೆ ಬಂದ ಹಣದ ವಿವರ ಏನಿದ್ರೂ ಜೊತೆಗೆ ಒಯ್ಯಿರಿ.