ಹೊಂಗೆ ಮರ ಕಡಿಸೋ ಮುನ್ನ...

ಶಿವರಾತ್ರಿ ಹತ್ತಿರ ಬಂತೆಂದರೆ ಪದ್ಮನಾಭನಗರದ ಅಡ್ಡರಸ್ತೆಗಳಲ್ಲಿ ಗೃಹಿಣಿಯರಿಗೆ ದಿನಕ್ಕೆರಡು ಸಲ ಗುಡಿಸೋ ಕೆಲಸ! ನೀರು ಹಾಕಿ ರಂಗೋಲಿ ಇಡುವಷ್ಟರಲ್ಲಿ ಮತ್ತೆ ಹೊಂಗೆ ಎಲೆ. ಎಲೆ ಮುಗೀತು ಅಂದ್ರೆ ಹೂವು, ಜೊತೆಗೆ ಒಣಗಿದ ಕಾಯಿ. ‘ಈ ಮರ ಕಡಿಸಿಬಿಡೋಣ ರೀ’ ಅಂತ ಯಜಮಾನರಿಗೆ ಹೇಳಿದ್ದೀರಾ? ಸ್ವಲ್ಪ ತಾಳಿ.

ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು. ಹೊಂಗೆ ಹಾಗಲ್ಲ, ಅಪ್ಪಟ ನಮ್ಮ ನೆಲದ ಮರ. ಎಲೆ ಉದುರಿದ ಕೆಲವೇ ದಿನಗಳಲ್ಲಿ ತಿಳಿಹಸಿರು ಚಿಗುರು ತುಂಬಿಕೊಂಡು, ಏಪ್ರಿಲ್ ಬಿಸಿಲಿಗೆ ಸರಿಯಾಗಿ ದಟ್ಟ ನೆರಳು ಕೊಡುತ್ತದೆ. ಯುಗಾದಿ ಸುಮಾರಿಗೆ ಬಿಡುವ ಹೂವಿಗೆ ಜೇನ್ನೊಣಗಳು ಮುತ್ತುತ್ತವೆ. ಕೆಲವು ಜಾತಿ ಚಿಟ್ಟೆಗಳ ಮರಿಹುಳುಗಳಿಗೆ ಇದರ ಎಲೆಯೇ ಊಟ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಮಣ್ಣನ್ನು ಫಲವತ್ತಾಗಿಸುತ್ತವೆ. ರೈತರು ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಯುತ್ತಿದ್ದದ್ದು ಸುಮ್ಮನೆ ಅಲ್ಲ!

ಎಲೆ ಮೇಲೆ ಗುಳ್ಳೆ, ಬಿಳಿ ಗೆರೆ ಕಂಡರೆ ಮರಕ್ಕೆ ರೋಗ ಅಂತ ಗಾಬರಿ ಬೇಡ. ಅದು ಸಣ್ಣ ನುಸಿ, ಹುಳುಗಳ ಕೆಲಸ. ಮರ ಸಾಯುವುದಿಲ್ಲ.

ಎಣ್ಣೆಯ ಗುಣ

ಆಯುರ್ವೇದದಲ್ಲಿ ಹೊಂಗೆಗೆ ‘ಕರಂಜ’ ಎಂಬ ಹೆಸರು. ಗಜ್ಜಿ, ತುರಿಕೆ, ಹುಣ್ಣಿಗೆ ಬೀಜದ ಎಣ್ಣೆ ಹಚ್ಚುವುದು ಹಳೇ ಪದ್ಧತಿ. ಎಳೆ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದರು. ಸೀಮೆಎಣ್ಣೆ ಬರುವ ಮೊದಲು ಹಳ್ಳಿಮನೆಗಳಲ್ಲಿ ದೀಪಕ್ಕೂ ಇದೇ ಎಣ್ಣೆ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉಡುಪಿ ಶ್ರೀನಿವಾಸ ಅವರು ಡೀಸೆಲ್ ಬದಲು ಹೊಂಗೆ ಎಣ್ಣೆಯಿಂದಲೇ ಎಂಜಿನ್ ಓಡಿಸಿ ತೋರಿಸಿದರು.

ಇವನ್ನು ಮರೆಯಬೇಡಿ

* ಹೊಂಗೆ ಎಣ್ಣೆ ಹೊರಗೆ ಹಚ್ಚಲು ಮಾತ್ರ. ಬೀಜ ವಿಷಕಾರಿ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಸಕ್ಕರೆ ಕಾಯಿಲೆಗೆ ಹೂವಿನ ಕಷಾಯ ಒಳ್ಳೇದು ಅಂತ ಯಾರೋ ಹೇಳಿದರೆಂದು ಕುಡಿಯಬೇಡಿ.

* ಗ್ರಂಧಿಗೆ ಅಂಗಡಿಯಿಂದ ತಂದ ಎಣ್ಣೆಯನ್ನು ಮೊದಲು ಮೊಣಕೈ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ, ಒಂದು ದಿನ ಕಾಯಿರಿ. ಉರಿ ಬಂದರೆ ಬಿಟ್ಟುಬಿಡಿ. ಕೈಗೂಸುಗಳಿಗೆ, ಕೀವು ತುಂಬಿದ ಗಾಯಕ್ಕೆ ವೈದ್ಯರನ್ನು ಕೇಳದೆ ಹಚ್ಚಲೇಬೇಡಿ.

* ಗುಡಿಸಿದ ಎಲೆಗೆ ಬೆಂಕಿ ಹಚ್ಚಬೇಡಿ. ಹಳೇ ಡ್ರಮ್ಮಿಗೆ ತೂತು ಕೊರೆದು ಎಲೆ ತುಂಬಿ, ಆಗಾಗ ನೀರು, ಸ್ವಲ್ಪ ಹುಳಿ ಮಜ್ಜಿಗೆ ಚಿಮುಕಿಸಿ. ಕೆಲವು ತಿಂಗಳಲ್ಲಿ ತಾರಸಿ ಕುಂಡಗಳಿಗೆ ಗೊಬ್ಬರ ರೆಡಿ.

* ನರ್ಸರಿಯಲ್ಲಿ ಸಿಗುವ ಹೊಂಗೆ ಹಿಂಡಿಯನ್ನು ಕುಂಡಕ್ಕೆ ಒಂದು ಹಿಡಿ ಹಾಕಿ. ಗೊಬ್ಬರವೂ ಆಯ್ತು, ಬೇರಿನ ಹುಳುವಿಗೆ ಮದ್ದೂ ಆಯ್ತು.

* ಕಾರು ನಿಲ್ಲಿಸಲು ಅನುಕೂಲ ಅಂತ ಬುಡದವರೆಗೂ ಸಿಮೆಂಟ್ ಹಾಕಿಸಬೇಡಿ. ಸುತ್ತ ಎರಡು-ಮೂರು ಅಡಿ ಮಣ್ಣು ಬಿಟ್ಟರೆ ಮಳೆನೀರು ಇಂಗುತ್ತದೆ, ಮರವೂ ಗಟ್ಟಿಯಾಗಿ ನಿಲ್ಲುತ್ತದೆ.

ಇನ್ನೊಂದು ಮಾತು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಹೊಂಗೆ ಮರ ಕಡಿಸುವಂತಿಲ್ಲ, ಅದು ನಿಮ್ಮ ಕಾಂಪೌಂಡ್ ಒಳಗೇ ಇದ್ದರೂ! ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ಪಾಲಿಕೆಗೆ ಅರ್ಜಿ ಕೊಡಿ, ಕೊಂಬೆಯಷ್ಟನ್ನೇ ಕತ್ತರಿಸಲು ಕೇಳಿ. ವರ್ಷದಲ್ಲಿ ಕೆಲವು ವಾರ ಗುಡಿಸುವ ಬೇಸರಕ್ಕೆ ಹತ್ತಾರು ವರ್ಷದ ನೆರಳು ಕಳೆದುಕೊಳ್ಳಬೇಕಾ, ನೀವೇ ಹೇಳಿ.