ಹಳೇ ಬ್ಯಾಂಡು, ಚಳಿಗಾಲದ ತಿರುಗಾಟ: ಅಭಿಮಾನಿಗಳು ಊರೂರು ಬೆನ್ನು ಹತ್ತುವುದೇಕೆ?

ಜನವರಿ ಅಂದ್ರೆ ಇಂಗ್ಲೆಂಡಿನಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಜಿಟಿಜಿಟಿ ಮಳೆ, ಮೂಳೆ ಕೊರೆಯುವ ಚಳಿ. ಕ್ರಿಸ್‌ಮಸ್ ಖರ್ಚು ಮುಗಿಸಿ ಜನ ಜೇಬು ತಡಕಾಡುತ್ತಿರುವ ಕಾಲ. ಬೇಸಿಗೆಯ ಸಂಗೀತ ಉತ್ಸವಗಳು ಇನ್ನೂ ದೂರ. ದೊಡ್ಡ ದೊಡ್ಡ ತಂಡಗಳು ಈ ಹೊತ್ತಿನಲ್ಲಿ ರಸ್ತೆಗಿಳಿಯುವುದು ಕಡಿಮೆ. ಆದರೆ 1967ರಲ್ಲಿ ಹುಟ್ಟಿದ ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ಜಾನಪದ ರಾಕ್ ತಂಡ ಸರಿಯಾಗಿ ಇದೇ ಹೊತ್ತಿಗೆ ವಾದ್ಯಗಳನ್ನು ಗಾಡಿಗೆ ತುಂಬಿಸುತ್ತದೆ. ಒಂದು ರಾತ್ರಿ ಒಂದು ಊರಿನ ಪುರಭವನ, ಮರುದಿನ ಇನ್ನೊಂದು ಊರಿನ ರಂಗಮಂದಿರ, ಅದರಾಚೆ ದಿನ ಮತ್ತೆಲ್ಲೋ ಒಂದು ಕಲಾಕೇಂದ್ರ.

ಅವರ ಹಿಂದೆ ಅಭಿಮಾನಿಗಳೂ ಹೊರಡುತ್ತಾರೆ. ಮೂರು ಊರು, ನಾಲ್ಕು ಊರು, ಕೆಲವರು ಅದಕ್ಕಿಂತ ಹೆಚ್ಚು. ಹೆಚ್ಚಿನವರಿಗೆ ಅರವತ್ತು ದಾಟಿದೆ. ಹಾಡುಗಳ ಪಟ್ಟಿ ಊರಿಂದೂರಿಗೆ ಅಷ್ಟೇನೂ ಬದಲಾಗುವುದಿಲ್ಲ ಅನ್ನೋದು ಅವರಿಗೂ ಗೊತ್ತು. ಆದರೂ ಹೋಗುತ್ತಾರೆ. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ನೋಡಿದವರಿಗೆ ಇದು ಹೊಸದಲ್ಲ. ಕಥೆ ಬಾಯಿಪಾಠ ಇರುವವರೇ ಮತ್ತೆ ಮತ್ತೆ ಹೋಗಿ ಕೂರುತ್ತಾರೆ, 'ಇವತ್ತು ಭಾಗವತರು ಹೇಗೆ ಎತ್ತಿಕೊಂಡರು' ಅಂತ ನೋಡಲಿಕ್ಕೆ.

ಮುದುಕರ ಹವ್ಯಾಸ ಅಂತ ಪಕ್ಕಕ್ಕಿಟ್ಟುಬಿಡಬಹುದು. ಆದರೆ ಈ ಸಣ್ಣ ತಿರುಗಾಟದೊಳಗೆ ಸಂಗೀತ ಉದ್ಯಮದ ದುಡ್ಡು ಯಾರಿಗೆ ಹೋಗುತ್ತದೆ, ಹೆಸರಿಲ್ಲದ ಜನ ಕಟ್ಟಿದ ಹಾಡಿನ ಹಕ್ಕು ಯಾರದ್ದು, 'ನಮ್ಮ ಸಂಸ್ಕೃತಿ' ಅಂತ ಕೂಗುವವರ ಕೈಗೆ ಜಾನಪದ ಸಿಕ್ಕರೆ ಏನಾಗುತ್ತದೆ ಎಂಬ ಮೂರು ರಾಜಕೀಯ ಪ್ರಶ್ನೆಗಳಿವೆ.

ಮೊದಲು ಕಥೆ. ಉತ್ತರ ಲಂಡನ್ನಿನ ಮಸ್ವೆಲ್ ಹಿಲ್‌ನಲ್ಲಿ 'ಫೇರ್‌ಪೋರ್ಟ್' ಅಂತ ಒಂದು ಮನೆ. ಅಲ್ಲಿ ತಾಲೀಮು ಮಾಡುತ್ತಿದ್ದ ಹುಡುಗರು ಮನೆ ಹೆಸರನ್ನೇ ತಂಡಕ್ಕಿಟ್ಟುಕೊಂಡರು. ಶುರುವಿನಲ್ಲಿ ಅವರು ಹಾಡಿದ್ದೆಲ್ಲ ಅಮೆರಿಕದ ಶೈಲಿಯ ಹಾಡು. 1968ರಲ್ಲಿ ಸ್ಯಾಂಡಿ ಡೆನಿ ಎಂಬ ಗಾಯಕಿ ಸೇರಿದಾಗ ಹಳೇ ಇಂಗ್ಲಿಷ್ ಲಾವಣಿಗಳೂ ಅವಳ ಜೊತೆ ಬಂದವು. 1969ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರ್ಯಕ್ರಮ ಮುಗಿಸಿ ರಾತ್ರೋರಾತ್ರಿ ಲಂಡನ್ನಿಗೆ ವಾಪಸಾಗುವಾಗ ಹೆದ್ದಾರಿಯಲ್ಲಿ ವ್ಯಾನ್ ಉರುಳಿತು. ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್ ಸತ್ತ, ವಯಸ್ಸು 19. ಗಿಟಾರ್ ವಾದಕ ರಿಚರ್ಡ್ ಥಾಂಪ್ಸನ್‌ನ ಗೆಳತಿ ಜೀನಿ ಫ್ರಾಂಕ್ಲಿನ್ ಕೂಡ ಸತ್ತಳು.

ಉಳಿದವರು ತಂಡ ಮುಚ್ಚಬಹುದಿತ್ತು. ಅದರ ಬದಲು ಹ್ಯಾಂಪ್‌ಶೈರ್‌ನ ಒಂದು ಹಳ್ಳಿಮನೆಯಲ್ಲಿ ಸೇರಿ, ಗಾಯ ಮಾಯುತ್ತಿರುವಾಗಲೇ ಹೊಸದೊಂದನ್ನು ಕಟ್ಟಿದರು. ಪಿಟೀಲಿಗೆ ಡೇವ್ ಸ್ವಾರ್‌ಬ್ರಿಕ್ ಬಂದ, ಡ್ರಮ್ಸಿಗೆ ಡೇವ್ ಮ್ಯಾಟಕ್ಸ್. ಬಾಸ್ ಗಿಟಾರಿನ ಆ್ಯಶ್ಲಿ ಹಚಿಂಗ್ಸ್ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ನ ಜಾನಪದ ಸಂಗ್ರಹದಲ್ಲಿ ಕೂತು ಹಳೇ ಹಾಡು ಹುಡುಕಿದ. ಆ ವರ್ಷದ ಡಿಸೆಂಬರಿನಲ್ಲಿ ಬಂದ ಆಲ್ಬಂ 'ಲೀಜ್ ಆ್ಯಂಡ್ ಲೀಫ್'. ನೂರಾರು ವರ್ಷದ ಲಾವಣಿಗೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು. 2006ರಲ್ಲಿ ಬಿಬಿಸಿ ರೇಡಿಯೋ 2ರ ಕೇಳುಗರು ಅದನ್ನು ಅತ್ಯಂತ ಪ್ರಭಾವಶಾಲಿ ಜಾನಪದ ಆಲ್ಬಂ ಅಂತ ಆರಿಸಿದರು. ಶಿಶುನಾಳ ಶರೀಫರ ತತ್ವಪದಕ್ಕೆ ರಘು ದೀಕ್ಷಿತ್ ಗಿಟಾರ್ ಹಿಡಿದಾಗ 'ಇದು ಜಾನಪದವಾ, ರಾಕಾ?' ಅಂತ ನಮ್ಮಲ್ಲಿ ಎದ್ದ ಚರ್ಚೆಯನ್ನು ಇಂಗ್ಲೆಂಡಿನವರು 1969ರಲ್ಲೇ ಮಾಡಿ ಮುಗಿಸಿದ್ದರು. ಮುಗಿಸಿದ್ದರು ಅನ್ನೋದೂ ಪೂರ್ತಿ ಸರಿಯಲ್ಲ, ಅಲ್ಲಿ ಅದು ಇವತ್ತಿಗೂ ನಡೀತಾ ಇದೆ.

ಅಭಿಮಾನಿಗಳ ನಿಷ್ಠೆ ಅರ್ಥವಾಗಬೇಕಾದರೆ 1979ಕ್ಕೆ ಬರಬೇಕು. ಪಂಕ್ ಬಂದಿತ್ತು. ಪಿಟೀಲು, ಲಾವಣಿ ಯಾರಿಗೂ ಬೇಡವಾಗಿತ್ತು. ಒಪ್ಪಂದದ ಪ್ರಕಾರ ಇನ್ನೂ ಆಲ್ಬಂಗಳು ಬಾಕಿ ಇದ್ದರೂ ವರ್ಟಿಗೋ ಕಂಪನಿ 'ಮಾಡಬೇಡಿ' ಅಂತ ದುಡ್ಡು ಕೊಟ್ಟು ಕೈತೊಳೆದುಕೊಂಡಿತು. ಹಾಡಲಿಕ್ಕಲ್ಲ, ಹಾಡದೇ ಇರಲಿಕ್ಕೆ ಸಂಭಾವನೆ! ಆಗಸ್ಟ್ 4ರಂದು ತಂಡ ಎರಡು ಕಡೆ ಹಾಡಿತು. ಹಗಲು ನೆಬ್ವರ್ತ್‌ನಲ್ಲಿ, ಲೆಡ್ ಜೆಪ್ಲಿನ್ ನೋಡಲು ಬಂದಿದ್ದ ಜನಸಾಗರದ ಎದುರು. ಸಂಜೆ ಅಲ್ಲಿಂದ ಹೊರಟು ಆಕ್ಸ್‌ಫರ್ಡ್‌ಶೈರ್‌ನ ಕ್ರೋಪ್ರೆಡಿ ಎಂಬ ಹಳ್ಳಿಯ ಹೊಲದಲ್ಲಿ, ವಿದಾಯದ ಕಾರ್ಯಕ್ರಮ.

ಆ ವಿದಾಯದ ಧ್ವನಿಮುದ್ರಣವನ್ನು ಹೊರತರಲು ಯಾವ ಕಂಪನಿಯೂ ಮುಂದೆ ಬರಲಿಲ್ಲ. ಬಾಸ್ ವಾದಕ ಡೇವ್ ಪೆಗ್ ಮತ್ತು ಅವರ ಹೆಂಡತಿ ಕ್ರಿಸ್ಟೀನ್ ತಾವೇ 'ವುಡ್‌ವರ್ಮ್ ರೆಕಾರ್ಡ್ಸ್' ಶುರು ಮಾಡಿದರು. ವುಡ್‌ವರ್ಮ್ ಅಂದ್ರೆ ಮರ ಕೊರೆಯುವ ಹುಳ. ಮುಂದಿನ ವರ್ಷ ಅದೇ ಹಳ್ಳಿಯಲ್ಲಿ ಮತ್ತೆ ಸೇರಿದರು, ಅದರ ಮುಂದಿನ ವರ್ಷವೂ ಸೇರಿದರು. ಸಾವಿರ ಜನವೂ ವಾಸವಿಲ್ಲದ ಆ ಹಳ್ಳಿಗೆ ಒಂದು ಕಾಲಕ್ಕೆ 20,000 ಜನ ಬರುವಷ್ಟು ಅದು ಬೆಳೆಯಿತು. ಸತ್ತ ಬ್ಯಾಂಡಿಗೆ ವರ್ಷಕ್ಕೊಮ್ಮೆ ಜಾತ್ರೆ! 1985ರಲ್ಲಿ ಬ್ಯಾಂಡು ಎದ್ದು ಕೂತು ಹೊಸ ಆಲ್ಬಂ ತಂದಿತು. ಎಬ್ಬಿಸಿದ್ದು ಕಂಪನಿ ಅಲ್ಲ, ಹೊಲದಲ್ಲಿ ಕೂತಿದ್ದ ಜನ.

ಈಗ ಚಳಿಗಾಲದ ಲೆಕ್ಕ ನೋಡಿ. ಆಗಸ್ಟಿನ ಉತ್ಸವ ವರ್ಷಕ್ಕೊಂದೇ ಸಲ, ಅದೂ ಮಳೆ ಬಂದರೆ ಕಷ್ಟ. ಕೋವಿಡ್ ಬಂದು 2020, 2021 ಎರಡೂ ವರ್ಷ ರದ್ದಾಯಿತು. ಹೊಟ್ಟೆಪಾಡು ನಡೆಯಬೇಕಾದರೆ ಉಳಿದ ತಿಂಗಳಲ್ಲೂ ಆದಾಯ ಬೇಕು. ಜನವರಿಯಲ್ಲಿ ಸಣ್ಣ ಊರುಗಳ ಸಭಾಂಗಣಗಳು ಖಾಲಿ ಇರುತ್ತವೆ, ಅವಕ್ಕೂ ಯಾರಾದರೂ ಬಂದರೆ ಸಾಕು. ಕೆಲವು ನೂರು ಸೀಟಿನ ಜಾಗ. ತಿರುಗಾಟದಲ್ಲಿ ಹೆಚ್ಚು ಹೆಸರು ಮಾಡದ ಇನ್ನೊಬ್ಬ ಕಲಾವಿದರೂ ಜೊತೆಗಿರುತ್ತಾರೆ, ಫೇರ್‌ಪೋರ್ಟ್ ಕೇಳಲು ಬಂದವರಿಗೆ ಅವರ ಪರಿಚಯವೂ ಆಗುತ್ತದೆ. ನಡುವೆ ವಿರಾಮ, ಹೊರಗೆ ಮೇಜಿನ ಮೇಲೆ ಸಿಡಿ, ಟೀ ಶರ್ಟು. ಸಹಿ ಹಾಕಿಸಿಕೊಂಡು ಎರಡು ಮಾತಾಡಿ ಹೋಗಬಹುದು. ಸಿಡಿ ಕೊಳ್ಳುವವರ ಮನೆಯಲ್ಲಿ ಅದನ್ನು ಹಾಕುವ ಯಂತ್ರ ಇದೆಯೋ ಇಲ್ಲವೋ! ಆದರೆ ಆ ದುಡ್ಡು ಹೆಚ್ಚು ಕೈ ಬದಲಾಯಿಸದೆ ಕಲಾವಿದರ ಹತ್ತಿರ ಬರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಹಾಡು ಸಾವಿರ ಸಲ ಕೇಳಿದರೂ ಬರುವುದು ಚಿಲ್ಲರೆ. 2021ರಲ್ಲಿ ಬ್ರಿಟನ್ ಸಂಸತ್ತಿನ ಸಮಿತಿಯೊಂದು ಸ್ಟ್ರೀಮಿಂಗ್ ಹಣದ ಹಂಚಿಕೆಯನ್ನೇ ಬುಡದಿಂದ ಸರಿಪಡಿಸಬೇಕು ಅಂತ ವರದಿ ಕೊಟ್ಟಿತ್ತು.

ಇದಕ್ಕೆ ಎದುರಾಗಿ ಇನ್ನೊಂದು ಚಿತ್ರ ಇಡೋಣ. 2024ರಲ್ಲಿ ಓಯಸಿಸ್ ತಂಡ ಮತ್ತೆ ಒಂದಾಗುತ್ತದೆ ಅಂದಾಗ ಟಿಕೆಟ್‌ಗೆ ಆನ್‌ಲೈನಲ್ಲಿ ಗಂಟೆಗಟ್ಟಲೆ ಕ್ಯೂ. ಸುಮಾರು 150 ಪೌಂಡ್ ಅಂದುಕೊಂಡು ಕಾದವರಿಗೆ, ಸರದಿ ಬರುವಷ್ಟರಲ್ಲಿ 350 ದಾಟಿತ್ತು. ಕಡಿಮೆ ಬೆಲೆಯ ಟಿಕೆಟ್ ಮುಗಿದ ಮೇಲೆ ಉಳಿದವನ್ನು ಹೆಚ್ಚಿನ ಬೆಲೆಗೆ ಬಿಡುವ ವ್ಯವಸ್ಥೆ. ಅದೇ ಸೆಪ್ಟೆಂಬರಿನಲ್ಲಿ ಮುಂಬೈನ ಕೋಲ್ಡ್‌ಪ್ಲೇ ಟಿಕೆಟ್‌ಗೆ ನಮ್ಮವರೂ ಫೋನ್ ಹಿಡಿದು ಕೂತಿದ್ದು, ಕಾಳಸಂತೆಯಲ್ಲಿ ಅದಕ್ಕೆ ಲಕ್ಷಗಟ್ಟಲೆ ಕೇಳಿದ್ದು ನೆನಪಿರಬಹುದು.

ಮೇಲ್ಗಡೆ ಇಷ್ಟು ದುಡ್ಡು ಹರಿಯುವಾಗ ಕೆಳಗೆ ಏನಾಗ್ತಿದೆ? ಸಣ್ಣ ಸಭಾಂಗಣಗಳ ಪರ ಕೆಲಸ ಮಾಡುವ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಪ್ರಕಾರ 2023 ಒಂದೇ ವರ್ಷದಲ್ಲಿ ಬ್ರಿಟನ್ನಿನ 125 ಸಣ್ಣ ಜಾಗಗಳಲ್ಲಿ ಸಂಗೀತ ನಿಂತುಹೋಯಿತು. ಬಾಡಿಗೆ, ಕರೆಂಟ್ ಬಿಲ್ಲು, ಪಕ್ಕದಲ್ಲಿ ಹೊಸ ಫ್ಲಾಟ್ ಕೊಂಡು 'ಗಲಾಟೆ' ಅಂತ ದೂರು ಕೊಡುವವರು, ಕಾರಣ ಹಲವು. ಕ್ರೀಡಾಂಗಣದ ದೊಡ್ಡ ಕಾರ್ಯಕ್ರಮಗಳ ಪ್ರತಿ ಟಿಕೆಟ್ಟಿನಿಂದ ಒಂದು ಪಾಲು ತೆಗೆದು ಈ ಸಣ್ಣ ಜಾಗಗಳಿಗೆ ಕೊಡಿ ಎಂಬ ಬೇಡಿಕೆ ಇದೆ. 2024ರಲ್ಲಿ ಸಂಸತ್ತಿನ ಸಮಿತಿಯೂ ಇದನ್ನು ಬೆಂಬಲಿಸಿತು. ಸರ್ಕಾರ ಒಪ್ಪಿತು, ಆದರೆ 'ಉದ್ಯಮ ಸ್ವಯಂಪ್ರೇರಣೆಯಿಂದ ಕೊಡಲಿ' ಅಂದಿತು. ದೊಡ್ಡವರು ಮನಸ್ಸು ಮಾಡಿ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಇಂಥ ಹೊತ್ತಿನಲ್ಲಿ ಚಳಿಯಲ್ಲಿ ಐವತ್ತು ಮೈಲಿ ಕಾರು ಓಡಿಸಿಕೊಂಡು ಬರುವ ಅರವತ್ತರ ಅಭಿಮಾನಿ ಸುಮ್ಮನೆ ಹಳೇ ನೆನಪಿಗೆ ಬರುವವನಲ್ಲ, ಆ ಸಭಾಂಗಣದ ದೀಪದ ಎಣ್ಣೆಯೂ ಅವನೇ.

ಎರಡನೇ ಪ್ರಶ್ನೆ ಹೆಚ್ಚು ಕಸಿವಿಸಿಯದ್ದು. ಈ ಹಾಡುಗಳು ಯಾರವು? 1903ರಲ್ಲಿ ಸೆಸಿಲ್ ಶಾರ್ಪ್ ಎಂಬ ಸಂಗೀತ ಶಿಕ್ಷಕ ಸಾಮರ್ಸೆಟ್‌ನ ಹಳ್ಳಿಯೊಂದರಲ್ಲಿ ಪಾದ್ರಿ ಮಿತ್ರನ ಮನೆಯಲ್ಲಿದ್ದ. ತೋಟದ ಮಾಲಿ ಕೆಲಸ ಮಾಡುತ್ತಾ ಗುನುಗುತ್ತಿದ್ದುದು ಕಿವಿಗೆ ಬಿತ್ತು, ಬರೆದುಕೊಂಡ. ಇಂಗ್ಲೆಂಡಿನ ಜಾನಪದ ಸಂಗ್ರಹದ ದೊಡ್ಡ ಅಧ್ಯಾಯ ಶುರುವಾದದ್ದು ಹೀಗೆ. ಆ ಮಾಲಿಯ ಹೆಸರು ಜಾನ್ ಇಂಗ್ಲೆಂಡ್. ಹೆಸರಿನಲ್ಲೇ ದೇಶ ಇದ್ದರೂ ದೇಶ ನೆನಪಿಟ್ಟುಕೊಂಡದ್ದು ಶಾರ್ಪ್‌ನನ್ನು. ಪುಸ್ತಕಗಳು ಅವನ ಹೆಸರಿನಲ್ಲಿ, ಲಂಡನ್ನಿನ ಕಟ್ಟಡವೂ ಅವನ ಹೆಸರಿನಲ್ಲಿ. ಪೋಲಿ ಸಾಲುಗಳನ್ನು ತಿದ್ದಿದ್ದೂ ಅವನೇ. ಗಣಿ, ಗಿರಣಿ ಕಾರ್ಮಿಕರ ಹಾಡುಗಳಿಗೆ ಅವನ 'ಜನಪದ'ದಲ್ಲಿ ಜಾಗ ಇರಲಿಲ್ಲ. ಅವುಗಳನ್ನು ಸಂಗ್ರಹಿಸಲು ಎ. ಎಲ್. ಲಾಯ್ಡ್ ಎಂಬ ಕಮ್ಯುನಿಸ್ಟ್ ಬರಬೇಕಾಯಿತು. ಅವರ ಗಣಿ ಹಾಡುಗಳ ಪುಸ್ತಕ ಬಂದದ್ದು 1952ರಲ್ಲಿ. ಬೀಸುವ ಕಲ್ಲಿನ ಪದ ಕಟ್ಟಿದ ಹೆಂಗಸರ ಹೆಸರು ನಮ್ಮಲ್ಲೂ ಎಷ್ಟು ಪುಸ್ತಕದಲ್ಲಿದೆ?

ಕಾನೂನು ಹೀಗಿದೆ: ಕರ್ತೃ ಗೊತ್ತಿಲ್ಲದ ಹಳೇ ಹಾಡು ಯಾರಪ್ಪನ ಆಸ್ತಿಯೂ ಅಲ್ಲ. ಆದರೆ ಅದಕ್ಕೆ ನೀವು ಮಾಡಿದ ಹೊಸ ಸಂಯೋಜನೆಯ ಹಕ್ಕು ನಿಮ್ಮದು. ಹಾಗಾಗಿ ತಟ್ಟೆಯ ಮೇಲೆ 'ಸಾಂಪ್ರದಾಯಿಕ, ಸಂಯೋಜನೆ ಇಂಥವರು' ಅಂತ ಬರೆದರೆ ಗೌರವಧನ ಸಂಯೋಜಕರಿಗೆ. ಇದನ್ನು ಮೋಸ ಅನ್ನಲಾಗದು, ದುಡಿಮೆ ಅಲ್ಲೂ ಇದೆ. ಆದರೆ ಗೆರೆ ದಾಟುವುದು ಸುಲಭ. 1965ರಲ್ಲಿ ಲಂಡನ್ನಿನಲ್ಲಿದ್ದ ಪಾಲ್ ಸೈಮನ್ 'ಸ್ಕಾರ್‌ಬರೋ ಫೇರ್' ಕಲಿತದ್ದು ಮಾರ್ಟಿನ್ ಕಾರ್ತಿ ಎಂಬ ಜಾನಪದ ಗಾಯಕನ ಸಂಯೋಜನೆಯಲ್ಲಿ. ಹಾಡು ಜಗತ್ಪ್ರಸಿದ್ಧ ಆಯ್ತು, ಆಲ್ಬಂನಲ್ಲಿ ಕಾರ್ತಿಯ ಹೆಸರೇ ಇಲ್ಲ. ಮುನಿಸು ಕರಗಿ ಇಬ್ಬರೂ ಲಂಡನ್ನಿನ ವೇದಿಕೆಯಲ್ಲಿ ಒಟ್ಟಿಗೆ ಅದನ್ನು ಹಾಡಿದ್ದು 2000ದಲ್ಲಿ.

ಮೂರನೆಯದು ನಮಗೆ ಚೆನ್ನಾಗಿ ಪರಿಚಯವಿರುವ ಪ್ರಶ್ನೆ. 'ಹಳೇದು, ನಮ್ಮದು, ಶುದ್ಧ' ಎಂಬ ಮೂರು ಪದ ಒಟ್ಟಿಗೆ ಬಂದ ಕಡೆ ಬಲಪಂಥ ಬಂದು ಚಾಪೆ ಹಾಸುತ್ತದೆ. 2009ರಲ್ಲಿ ಬ್ರಿಟಿಷ್ ನ್ಯಾಷನಲ್ ಪಾರ್ಟಿ ಎಂಬ ತೀವ್ರ ಬಲಪಂಥೀಯ ಪಕ್ಷ ಯುರೋಪಿಯನ್ ಸಂಸತ್ತಿನಲ್ಲಿ ಎರಡು ಸೀಟು ಗೆದ್ದಿತು. ಆ ಪಕ್ಷದವರು ಜಾನಪದ ಸಂಗೀತವನ್ನು ಬಿಳಿಯರ ಅಸ್ಮಿತೆಯ ಬಾವುಟ ಮಾಡಲು ಹೊರಟಾಗ ಸಂಗೀತಗಾರರು, ಕೇಳುಗರು ಸೇರಿ 'ಫೋಕ್ ಅಗೇನ್ಸ್ಟ್ ಫ್ಯಾಸಿಸಂ' ಅಂತ ಎದ್ದು ನಿಂತರು.

ಅದಕ್ಕೂ ಮೊದಲೇ ಇನ್ನೊಂದು ಉತ್ತರ ಬಂದಿತ್ತು. 'ಲೀಜ್ ಆ್ಯಂಡ್ ಲೀಫ್'ನಲ್ಲಿ ಸ್ಯಾಂಡಿ ಡೆನಿ ಹಾಡಿರುವ 'ಟ್ಯಾಮ್ ಲಿನ್' ಸ್ಕಾಟ್ಲೆಂಡ್ ಗಡಿಭಾಗದ ಹಳೇ ಲಾವಣಿ. ಯಕ್ಷಿರಾಣಿಯ ಸೆರೆಯಲ್ಲಿರುವ ಪ್ರಿಯಕರನನ್ನು ಜಾನೆಟ್ ಎಂಬ ಹುಡುಗಿ ಬಿಡಿಸುವ ಕಥೆ. ಅವನು ಒಂದೊಂದೇ ಭಯಂಕರ ರೂಪ ತಾಳುತ್ತಾನೆ, ಏನೇ ಆದರೂ ಅವಳು ತಬ್ಬಿದ ಕೈ ಬಿಡಬಾರದು. 2007ರಲ್ಲಿ 'ದಿ ಇಮ್ಯಾಜಿನ್ಡ್ ವಿಲೇಜ್' ಎಂಬ ತಂಡದ ಆಲ್ಬಂನಲ್ಲಿ ಕಪ್ಪು ಕವಿ ಬೆಂಜಮಿನ್ ಜೆಫನಾಯ ಇದೇ ಕಥೆಯನ್ನು ವಲಸಿಗನ ಕಥೆಯಾಗಿ ತಿರುಗಿ ಹೇಳಿದರು. ಪ್ರಿಯಕರ ಬೇರೆ ದೇಶದಿಂದ ಬಂದವನು, ಅವನನ್ನು ಹಿಡಿದಿರುವುದು ವಲಸೆ ಕಾನೂನು. ಅದೇ ತಂಡದಲ್ಲಿ ಜಾನಿ ಕಾಲ್ಸಿಯ ಢೋಲು, ಶೀಲಾ ಚಂದ್ರಾರ ಕಂಠ. ಲಾವಣಿಯನ್ನು ಶುದ್ಧವಾಗಿಡಲು ಹೊರಟವರಿಗಿಂತ ಇವರೇ ಲಾವಣಿ ಕಟ್ಟಿದವರಿಗೆ ಹತ್ತಿರ ಅಂತ ನನಗನ್ನಿಸುತ್ತದೆ.

ಫೇರ್‌ಪೋರ್ಟ್ ಈ ಅರ್ಥದಲ್ಲಿ ಹೋರಾಟದ ಬ್ಯಾಂಡಲ್ಲ. ಅವರ ಸಭಾಂಗಣದಲ್ಲಿ ಘೋಷಣೆ ಇಲ್ಲ, ತಮಾಷೆ ಮಾತು ಜಾಸ್ತಿ. ಕೂತವರಲ್ಲಿ ಬಿಳಿಯರೇ ಹೆಚ್ಚು, ನರೆಗೂದಲೇ ಹೆಚ್ಚು. ಅದನ್ನು ಮುಚ್ಚಿಡಬೇಕಿಲ್ಲ. ಮುಂದಿನ ತಲೆಮಾರು ಆ ಕುರ್ಚಿಗಳಲ್ಲಿ ಕೂರುತ್ತದಾ ಅನ್ನೋದು ಖುಲ್ಲಾ ಪ್ರಶ್ನೆ.

ವೇದಿಕೆಯ ಮೇಲೂ ಕಾಲ ನಡೆಯುತ್ತಿದೆ. ಸ್ಯಾಂಡಿ ಡೆನಿ 1978ರಲ್ಲೇ ಹೋದರು. 1999ರಲ್ಲಿ ಸ್ವಾರ್‌ಬ್ರಿಕ್ ಆಸ್ಪತ್ರೆಯಲ್ಲಿದ್ದಾಗ ಪತ್ರಿಕೆಯೊಂದು ಆತ ಸತ್ತೇಹೋದ ಅಂತ ಶ್ರದ್ಧಾಂಜಲಿ ಅಚ್ಚು ಹಾಕಿತ್ತು. ಅದನ್ನು ಓದಿ ನಕ್ಕ ಆತ ಮತ್ತೆ ಹದಿನೇಳು ವರ್ಷ ಬದುಕಿದ. ಆತನ ಚಿಕಿತ್ಸೆಗೆ ಹಣ ಕೂಡಿಸಲು ಗೆಳೆಯರು, ಅಭಿಮಾನಿಗಳು ಕಾರ್ಯಕ್ರಮಗಳನ್ನೇ ನಡೆಸಿದ್ದರು. ಎರಡು ದಶಕಕ್ಕೂ ಹೆಚ್ಚು ಕಾಲ ಡ್ರಮ್ಸ್ ನುಡಿಸಿದ ಜೆರಿ ಕಾನ್ವೇ 2024ರಲ್ಲಿ ತೀರಿಕೊಂಡರು. ಅವರು ತಂಡ ಬಿಟ್ಟ ಮೇಲೆ ಆ ಜಾಗಕ್ಕೆ ಬಂದು ಕೂತದ್ದು ಡೇವ್ ಮ್ಯಾಟಕ್ಸ್. 1969ರಲ್ಲಿ ಹತ್ತೊಂಬತ್ತರ ಹುಡುಗನ ಸಾವಿನ ನಂತರ ಅದೇ ಕುರ್ಚಿ ತುಂಬಿದವರು.

ಸಂಜೆಯ ಕೊನೆಗೆ ಬರುವ ಹಾಡು ಎಲ್ಲರಿಗೂ ಗೊತ್ತು. ರಿಚರ್ಡ್ ಥಾಂಪ್ಸನ್ ಹದಿಹರೆಯದಲ್ಲಿ ಬರೆದ 'ಮೀಟ್ ಆನ್ ದ ಲೆಜ್', 1968ರದ್ದು. ತೀರಿಹೋದ ಗೆಳೆಯರ ಹಾಡು. ಬರೆಯುವಾಗ ಬರೆದವನಿಗೆ ಅಂಥ ಸಾವು ನೋವು ಇನ್ನೂ ಗೊತ್ತಿರಲಿಲ್ಲ, ವ್ಯಾನ್ ಉರುಳಿದ್ದು ಆಮೇಲೆ. ಈಗ ಪಲ್ಲವಿ ಬಂದಾಗ ಇಡೀ ಸಭಾಂಗಣ ದನಿಗೂಡಿಸುತ್ತದೆ. ಮುಗಿದ ಮೇಲೆ ಜನ ಕೋಟು ಹಾಕಿಕೊಂಡು ಹೊರಗೆ ಬರುತ್ತಾರೆ, ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾ ನಾಳಿದ್ದು ಯಾವ ಊರು ಅಂತ ಕೇಳಿಕೊಳ್ಳುತ್ತಾರೆ.