ವಸಂತಸೇನೆ (ಮೂಕಿ ಚಲನಚಿತ್ರ)

ವಸಂತಸೇನೆ, 1930ರ ಆಸುಪಾಸಿನಲ್ಲಿ ಮೋಹನ್ ದಯಾರಾಂ ಭವನಾನಿ ಅವರು ನಿರ್ದೇಶಿಸಿದ ಕಪ್ಪು-ಬಿಳುಪು ಮೂಕಿ ಚಲನಚಿತ್ರ. ಮೃಚ್ಛಕಟಿಕ ಎಂಬ ಹೆಸರಿನಿಂದಲೂ ಇದನ್ನು ಗುರುತಿಸಲಾಗುತ್ತದೆ. ಶೂದ್ರಕನ ಸಂಸ್ಕೃತ ನಾಟಕ ಇದಕ್ಕೆ ಆಧಾರ. ಏಣಾಕ್ಷಿ ರಾಮರಾವ್, ಕಮಲಾದೇವಿ ಚಟ್ಟೋಪಾಧ್ಯಾಯ ಹಾಗೂ ನಾಟಕಕಾರ ಟಿ. ಪಿ. ಕೈಲಾಸಂ ಇದರಲ್ಲಿ ಅಭಿನಯಿಸಿದ್ದಾರೆ. ಕನ್ನಡ ಚಿತ್ರರಂಗದ ಆರಂಭದ ಮೂಕಿ ಚಿತ್ರಗಳ ಸಾಲಿನಲ್ಲಿ ಇದನ್ನು ಎಣಿಸುವುದು ರೂಢಿ.

ಮೂಲ ಕಥೆ

ಹತ್ತು ಅಂಕಗಳ ಮೂಲ ನಾಟಕದ ಕಥೆ ಉಜ್ಜಯಿನಿಯಲ್ಲಿ ನಡೆಯುತ್ತದೆ. ದಾನ ಮಾಡಿ ಬಡವನಾದ ಚಾರುದತ್ತನನ್ನು ಗಣಿಕೆ ವಸಂತಸೇನೆ ಪ್ರೀತಿಸುತ್ತಾಳೆ. ರಾಜನ ಭಾವಮೈದುನ ಶಕಾರನಿಗೆ ಆಕೆಯ ಮೇಲೆ ಕಣ್ಣು. ಅವನಿಂದ ತಪ್ಪಿಸಿಕೊಂಡು ಬಂದ ಆಕೆ ತನ್ನ ಒಡವೆಗಳನ್ನು ಚಾರುದತ್ತನ ಮನೆಯಲ್ಲಿ ಇರಿಸುತ್ತಾಳೆ. ಶರ್ವಿಲಕನು ಗೋಡೆಗೆ ಕನ್ನ ಹಾಕಿ ಅವನ್ನು ಕದಿಯುತ್ತಾನೆ. ಮಣ್ಣಿನ ಬಂಡಿ ಬೇಡವೆಂದು ಅಳುವ ಚಾರುದತ್ತನ ಮಗನಿಗೆ ಚಿನ್ನದ ಬಂಡಿ ಮಾಡಿಸಿಕೊಳ್ಳೆಂದು ವಸಂತಸೇನೆ ತನ್ನ ಆಭರಣಗಳನ್ನು ಕೊಡುವ ಪ್ರಸಂಗದಿಂದ ನಾಟಕಕ್ಕೆ ಆ ಹೆಸರು ಬಂದಿದೆ. ಬಂಡಿಗಳು ಅದಲುಬದಲಾಗಿ ಆಕೆ ಶಕಾರನ ಕೈಗೆ ಸಿಕ್ಕುತ್ತಾಳೆ. ಆಕೆಯ ಕೊರಳು ಹಿಸುಕಿದ ಶಕಾರ, ಕೊಲೆಯ ಆರೋಪವನ್ನು ಚಾರುದತ್ತನ ಮೇಲೆ ಹೊರಿಸುತ್ತಾನೆ. ಬದುಕುಳಿದ ವಸಂತಸೇನೆ ವಧಾಸ್ಥಾನಕ್ಕೆ ಬಂದು ಪ್ರಿಯನನ್ನು ಉಳಿಸಿಕೊಳ್ಳುತ್ತಾಳೆ.

ಮಾತಿಲ್ಲದ ಹಾಸ್ಯ

ಪ್ರೇಮ ಮತ್ತು ಹಾಸ್ಯ ಇಷ್ಟು ಬೆರೆತ ಸಂಸ್ಕೃತ ನಾಟಕಗಳು ವಿರಳ. ಆದರೆ ಆ ಹಾಸ್ಯದ ಒಂದು ದೊಡ್ಡ ಪಾಲು ಕಿವಿಗೆ ಸೇರಿದ್ದು. ‘ಸ’ಕಾರದ ಜಾಗದಲ್ಲಿ ‘ಶ’ಕಾರ ಉಚ್ಚರಿಸುವುದರಿಂದಲೇ ಶಕಾರನಿಗೆ ಆ ಹೆಸರು, ಪುರಾಣ ಪಾತ್ರಗಳನ್ನು ಕಲಸಿ, ರಾಮನಿಗೆ ಹೆದರಿ ಓಡುವ ದ್ರೌಪದಿ ಎಂಬಂಥ ಉಪಮೆಗಳನ್ನು ಆತ ಕೊಡುತ್ತಾನೆ. ಮೂಕಿ ಚಿತ್ರದಲ್ಲಿ ಇದಕ್ಕೆ ಅವಕಾಶವಿಲ್ಲ. ದೃಶ್ಯಗಳ ನಡುವೆ ಬರುವ ಬರಹದ ಫಲಕಗಳು ಕಥೆಯನ್ನು ಹೇಳಬಲ್ಲವು, ತೊದಲನ್ನು ಕೇಳಿಸಲಾರವು.

ಅದೇ ನಾಟಕದ ಇತರ ಸನ್ನಿವೇಶಗಳಿಗೆ ಮಾತೇ ಬೇಕಿಲ್ಲ. ಸಾಲಗಾರರಿಂದ ತಪ್ಪಿಸಿಕೊಂಡ ಜೂಜುಗಾರನೊಬ್ಬ ಪಾಳುಗುಡಿಯಲ್ಲಿ ವಿಗ್ರಹದಂತೆ ನಿಲ್ಲುತ್ತಾನೆ. ಬೆನ್ನಟ್ಟಿ ಬಂದವರು ಅಲ್ಲೇ ದಾಳ ಉರುಳಿಸತೊಡಗಿದಾಗ ಕೈ ತಡೆಯಲಾಗದೆ ಸಿಕ್ಕಿಬೀಳುತ್ತಾನೆ. ಕನ್ನ ಹಾಕುವ ದೃಶ್ಯ, ಬಂಡಿಗಳ ಗೊಂದಲ ಕೂಡ ಇಂಥವೇ. ಶೂದ್ರಕನನ್ನು ಮೂಕಿಗೆ ಆರಿಸಿಕೊಂಡದ್ದು ಮೇಲ್ನೋಟಕ್ಕೆ ತೋರುವಷ್ಟು ವಿಚಿತ್ರವಲ್ಲ.

ಕಲಾವಿದರು

1913ರಲ್ಲಿ ಬಿಡುಗಡೆಯಾದ ದಾದಾಸಾಹೇಬ್ ಫಾಲ್ಕೆ ಅವರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯ ಪಾತ್ರವನ್ನು ಪುರುಷನೊಬ್ಬ ವಹಿಸಬೇಕಾಗಿತ್ತು. ಮುಂದೆ ಮಹಿಳೆಯರು ತೆರೆಗೆ ಬಂದರೂ ‘ಮರ್ಯಾದಸ್ಥ’ ಮನೆಯವರು ಸಿನಿಮಾದಲ್ಲಿ ನಟಿಸುವುದು ಅಪವಾದಕ್ಕೆ ಎಡೆಯಾಗುತ್ತಿತ್ತು. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಬಾಲವಿಧವೆಯಾಗಿ, ಬಳಿಕ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವರಿಸಿ, 1926ರಲ್ಲಿ ಮದ್ರಾಸ್ ಶಾಸನಸಭೆಗೆ ಸ್ಪರ್ಧಿಸಿದವರು; 1930ರ ಉಪ್ಪಿನ ಸತ್ಯಾಗ್ರಹದ ಮುಂಚೂಣಿಯಲ್ಲಿದ್ದರು. ಅಂಥವರು ಗಣಿಕೆಯೊಬ್ಬಳನ್ನು ನಾಯಕಿಯಾಗಿಸಿದ ಕಥೆಯ ಚಿತ್ರದಲ್ಲಿ ಕಾಣಿಸಿಕೊಂಡದ್ದು ಅಭಿನಯಕ್ಕಿಂತ ದೊಡ್ಡ ಸಂಗತಿ. ಏಣಾಕ್ಷಿ ಅವರು 1928ರ ‘ಶಿರಾಜ್’ನಲ್ಲಿ ನಟಿಸಿದ್ದರು. ಮುಂದೆ ಭವನಾನಿ ಅವರನ್ನು ವಿವಾಹವಾಗಿ, ಭಾರತೀಯ ನೃತ್ಯವನ್ನು ಕುರಿತು ಗ್ರಂಥ ರಚಿಸಿದರು.

ಭಾಷೆ

ಮಾತೇ ಇಲ್ಲದ ಚಿತ್ರವನ್ನು ಕನ್ನಡದ್ದೆಂದು ಕರೆಯುವುದು ಕಲಾವಿದರ ಮತ್ತು ಪ್ರದೇಶದ ನಂಟಿನಿಂದ ಮಾತ್ರ. ಫಲಕಗಳನ್ನು ಬದಲಿಸಿದರೆ ಮೂಕಿ ಚಿತ್ರ ಯಾವ ಪ್ರಾಂತ್ಯದಲ್ಲಾದರೂ ಓಡಬಲ್ಲದಾಗಿತ್ತು. ಓದು ಬಾರದವರಿಗಾಗಿ ಅವುಗಳನ್ನು ಗಟ್ಟಿಯಾಗಿ ಓದಿ ಹೇಳುವುದೂ ಇತ್ತು. ಅಂದು ಕನ್ನಡ ನಾಡೇ ಹಂಚಿಹೋಗಿತ್ತು. ವಿಜಯಪುರ, ಆಗಿನ ಬಿಜಾಪುರ, ಮುಂಬಯಿ ಪ್ರಾಂತ್ಯದಲ್ಲಿತ್ತು. ಮರಾಠಿ ರಂಗಭೂಮಿಯ ಪ್ರಭಾವವಿದ್ದ ಆ ಭಾಗಕ್ಕೆ ಇದೇ ಕಥೆ ಗೋವಿಂದ ಬಲ್ಲಾಳ ದೇವಲ್ ಅವರ ಸಂಗೀತ ನಾಟಕದ ಮೂಲಕವೂ ತಲುಪಬಹುದಾಗಿತ್ತು.

ಇದೇ ಕಾಲದಲ್ಲಿ ಗುಬ್ಬಿ ವೀರಣ್ಣನವರೂ ‘ಹಿಸ್ ಲವ್ ಅಫೇರ್’, ‘ಹರಿಮಾಯೆ’ ಮೂಕಿಗಳಲ್ಲಿ ತೊಡಗಿದ್ದರು. 1934ರಲ್ಲಿ ‘ಸತಿ ಸುಲೋಚನಾ’ ತೆರೆಕಂಡ ಮೇಲೆ ಕನ್ನಡದಲ್ಲಿ ಮೂಕಿಯ ದಿನಗಳು ಮುಗಿದವು.

ನಂತರದ ರೂಪಗಳು

1941ರಲ್ಲಿ ಇದೇ ಕಥೆ ‘ವಸಂತಸೇನಾ’ ಎಂಬ ಕನ್ನಡ ವಾಕ್ಚಿತ್ರವಾಯಿತು. ಚಾರುದತ್ತನಾಗಿ ಎಂ. ವಿ. ಸುಬ್ಬಯ್ಯ ನಾಯ್ಡು, ಶಕಾರನಾಗಿ ಆರ್. ನಾಗೇಂದ್ರರಾವ್ ನಟಿಸಿದರು, ಶಕಾರನ ಮಾತು ತೆರೆಯ ಮೇಲೆ ಕನ್ನಡದಲ್ಲಿ ಕೇಳಿಸಿದ್ದು ಆಗ. ಗಿರೀಶ ಕಾರ್ನಾಡರು 1984ರಲ್ಲಿ ಹಿಂದಿಯ ‘ಉತ್ಸವ್’ ನಿರ್ದೇಶಿಸಿದಾಗ ರೇಖಾ ವಸಂತಸೇನೆಯಾಗಿಯೂ ಶಶಿ ಕಪೂರ್ ಶಕಾರನಾಗಿಯೂ ಕಾಣಿಸಿಕೊಂಡರು.